ಕವಿಯ ಉತ್ಸವವೂ ಊರಿನ ಆಟವೂ

ಮಹಾಪುರುಷರ ಉತ್ಸವವನ್ನು ಆಚರಿಸುವುದರಲ್ಲಿ ಎರಡು ಬಗೆಗಳುಂಟು. ಅವರ ಪಟಕ್ಕೆ ಹೂಮಾಲೆ ಹಾಕಿ, ಗುಣಗಳನ್ನು ವರ್ಣಿಸಿ, ಫಲಾಹಾರ ಮುಗಿಸಿ ಮನೆಗೆ ಹೋಗುವುದು ಒಂದು ಬಗೆ. ಅವರು ಮಾಡಿದ ಕೆಲಸವನ್ನು ನಮ್ಮ ಕೈಲಾದಮಟ್ಟಿಗೆ ನಾವೂ ಮಾಡಿನೋಡುವುದು ಇನ್ನೊಂದು. ನಾಟಕಕಾರನ ವಿಷಯದಲ್ಲಂತೂ ಈ ಎರಡನೆಯದೇ ನಿಜವಾದ ಪೂಜೆಯೆಂದು ನಮ್ಮ ಅಭಿಪ್ರಾಯ. ಆಂಗ್ಲ ನಾಟಕಕಾರರಲ್ಲಿ ಅಗ್ರಗಣ್ಯನಾದ ಷೇಕ್ಸ್‌ಪಿಯರನ ಉತ್ಸವಗಳ ಚರಿತ್ರೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು.

ಕವಿಯು ಹುಟ್ಟಿದ್ದು 1564ರಲ್ಲಿ. ಗತಿಸಿದ್ದು 1616ರ ಏಪ್ರಿಲ್ 23ರಂದು. ಅವನ ಹುಟ್ಟೂರಾದ ಸ್ಟ್ರಾಟ್‌ಫರ್ಡಿನಲ್ಲಿ ಮೊದಲನೆಯ ದೊಡ್ಡ ಉತ್ಸವವನ್ನು ನಡೆಸಿದವನು ಗ್ಯಾರಿಕ್ ಎಂಬ ಹೆಸರಾಂತ ನಟ. 1769ನೆಯ ಇಸವಿಯ ಸೆಪ್ಟೆಂಬರದಲ್ಲಿ ಮೂರು ದಿನಗಳ ಸಂಭ್ರಮವದು. ತೋಪುಗಳು ಹಾರಿದವು, ಹೊಳೆಯ ದಂಡೆಯಲ್ಲಿ ಮರದ ಮಂಟಪವೆದ್ದಿತು, ಹಾಡುಗಳೂ ಭೋಜನಗಳೂ ಆದವು. ಅಷ್ಟರಲ್ಲಿ ಜಡಿಮಳೆ ಹಿಡಿದು ಹೊಳೆ ಉಕ್ಕಿತು. ಕವಿಯ ಪಾತ್ರಗಳ ವೇಷದ ಮೆರವಣಿಗೆಯನ್ನು ಕೈಬಿಡಬೇಕಾಯಿತು. ಸೋಜಿಗದ ಸಂಗತಿಯೆಂದರೆ, ಆ ಮೂರು ದಿನಗಳಲ್ಲಿ ಕವಿಯ ಒಂದು ನಾಟಕವನ್ನಾದರೂ ಯಾರೂ ಆಡಲಿಲ್ಲ! ದೇವರಿಲ್ಲದ ತೇರನ್ನು ಎಳೆದಂತಾಯಿತು.

ನಮ್ಮ ಹಿರಿಯರು ಇದಕ್ಕೆ ತೀರ ವಿರುದ್ಧವಾದ ಹಾದಿಯನ್ನು ಹಿಡಿದರು. ಉತ್ಸವವೆಂಬ ಹೆಸರಿಲ್ಲದೆಯೇ ಅವರು ಆ ಕವಿಯನ್ನು ಮನೆಗೆ ಕರೆತಂದರು. ಮುಂಬಯಿ ಆಧಿಪತ್ಯದಲ್ಲಿ ಸೇರಿದ್ದ ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ಬೆವರು ಸುರಿಸಿದ ಡೆಪ್ಯುಟಿ ಚನ್ನಬಸಪ್ಪನವರು, 1871ರಲ್ಲಿಯೇ ಷೇಕ್ಸ್‌ಪಿಯರನ ಅವಳಿಜವಳಿಗಳ ಹಾಸ್ಯನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಹೆಸರೇ ಹೇಳುವಂತೆ, ಪಂಡಿತರನ್ನು ಮೆಚ್ಚಿಸುವುದಕ್ಕಿಂತ ಓದಬಲ್ಲ ಸಾಮಾನ್ಯರನ್ನು ನಗಿಸುವುದೇ ಅದರ ಉದ್ದೇಶ.

ಮೈಸೂರು ಸೀಮೆಯಲ್ಲಿಯೂ ಇದೇ ಉತ್ಸಾಹ. ‘ಅಭಿನವ ಕಾಳಿದಾಸ’ರೆನಿಸಿದ ಬಸವಪ್ಪ ಶಾಸ್ತ್ರಿಗಳಿಗೆ ಇಂಗ್ಲಿಷು ಬಾರದು. ಆದರೂ ಸುಬ್ಬರಾಯರೆಂಬುವರು ‘ಒಥೆಲೊ’ ನಾಟಕದ ಅರ್ಥವನ್ನು ತಿಳಿಸಿಕೊಡಲು, ಶಾಸ್ತ್ರಿಗಳು ಅದನ್ನು ‘ಶೂರಸೇನ ಚರಿತ್ರೆ’ಯಾಗಿ ರಚಿಸಿದರು. ಶ್ರೀಕಂಠೇಶಗೌಡರ ಕೈಯಲ್ಲಿ ಮ್ಯಾಕ್‌ಬೆತ್ತನು 1895ರಲ್ಲಿ ‘ಪ್ರತಾಪರುದ್ರದೇವ’ನಾದನು, ಎಂ. ಎಸ್. ಪುಟ್ಟಣ್ಣನವರ ಕೈಯಲ್ಲಿ ಲಿಯರ್ ದೊರೆಯು 1899ರಲ್ಲಿ ಹೇಮಚಂದ್ರರಾಜನಾದನು. ಆನಂದರಾಯರು 1889ರಲ್ಲಿ ರೋಮಿಯೋ ಜೂಲಿಯೆಟ್ಟರನ್ನು ರಾಮವರ್ಮ ಲೀಲಾವತಿಯರನ್ನಾಗಿ ಮಾಡಿದುದಲ್ಲದೆ, ಸತ್ತ ಪ್ರೇಮಿಗಳನ್ನು ವಿಷ್ಣುವಿನ ಅನುಗ್ರಹದಿಂದ ಬದುಕಿಸಿಬಿಟ್ಟರು!

ಇದನ್ನು ಕೇಳಿ ಇಂದಿನ ವಿದ್ಯಾವಂತರು ನಗಬಹುದು. ಆದರೆ ನಗುವ ಮುನ್ನ ಒಂದು ಮಾತನ್ನು ನೆನೆಯಬೇಕು. ಇಂಗ್ಲೆಂಡಿನಲ್ಲಿಯೇ ಟೇಟ್ ಎಂಬುವನು 1681ರಲ್ಲಿ ‘ಲಿಯರ್’ ನಾಟಕದ ಕೊನೆಯನ್ನು ತಿದ್ದಿ, ದೊರೆಯನ್ನೂ ಕಿರಿಯ ಮಗಳನ್ನೂ ಬದುಕಿಸಿ, ಅವಳಿಗೆ ಮದುವೆಯ ಮಂಗಳವನ್ನೂ ಕೂಡಿಸಿದನು. ಅಲ್ಲಿಯ ಜನರು ಸುಮಾರು 150 ವರ್ಷಗಳವರೆಗೆ ರಂಗದ ಮೇಲೆ ಆ ತಿದ್ದಿದ ಕಥೆಯನ್ನೇ ನೋಡಿ ಸಂತೋಷಪಟ್ಟರು. ಮಂಗಳವಿಲ್ಲದೆ ಆಟ ಮುಗಿಯಬಾರದೆಂಬ ಮನಸ್ಸು ಕನ್ನಡಿಗರದಷ್ಟೇ ಅಲ್ಲ. ಮೇಲಾಗಿ, ಮೊದಲು ಹೀಗೆ ಸಲಿಗೆಯಿಂದ ಬಳಸಿದುದರಿಂದಲೇ ಮುಂದೆ ಮೂಲದ ರುಚಿಯನ್ನು ಹಾಗೆಯೇ ಉಣಬಡಿಸುವವರಿಗೆ ದಾರಿಯಾಯಿತು. ಡಿ. ವಿ. ಗುಂಡಪ್ಪನವರ ‘ಮ್ಯಾಕ್‌ಬೆತ್’ 1936ರಲ್ಲಿ ಬಂದಿತು. ಮಾಸ್ತಿಯವರು ಲಿಯರ್ ಮಹಾರಾಜನನ್ನು ಕನ್ನಡದಲ್ಲಿ ಮಾತಾಡಿಸಿದರು. ಕುವೆಂಪುರವರು ಹ್ಯಾಮ್ಲೆಟ್ಟನ ಕಥೆಯನ್ನು ಬಿದನೂರಿನ ಇತಿಹಾಸದೊಳಗೆ ನೆಟ್ಟು ‘ರಕ್ತಾಕ್ಷಿ’ಯನ್ನು ಬರೆದರು.

ಪುಸ್ತಕವಾದರೆ ಸಾಲದು, ಆಡುವ ರಂಗವೂ ಬೇಕಷ್ಟೆ. ಇದರಲ್ಲಿ ಗದಗಿನ ಹೆಸರು ದೊಡ್ಡದು. ಮರಾಠಿ ಮಂಡಳಿಗಳ ಆಟಗಳನ್ನೇ ಜನರು ಮುಗಿಬಿದ್ದು ನೋಡುತ್ತಿದ್ದ 1870ರ ದಶಕದಲ್ಲಿ, ಶಾಲಾಮಾಸ್ತರರಾದ ಸಕ್ಕರಿ ಬಾಳಾಚಾರ್ಯರು, ಎಂದರೆ ಶಾಂತಕವಿಗಳು, ಗದಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು. ನಮ್ಮ ಭಾಷೆಯಲ್ಲಿ ನಾಟಕವಾಡುವುದೇ ಒಂದು ಹೋರಾಟವಾಗಿದ್ದ ಕಾಲವದು. ಅವರ ತರುವಾಯ ಗರುಡ ಸದಾಶಿವರಾಯರಂತಹ ನಟರು ಆ ಗದಗಿನ ಹೆಸರನ್ನು ನಾಡಿನಲ್ಲೆಲ್ಲ ಮೆರೆಯಿಸಿದರು.

ಕಂಪನಿ ನಾಟಕವನ್ನು ನೋಡಿದ ಹಿರಿಯರಿಗೆ ಷೇಕ್ಸ್‌ಪಿಯರನ ಕಾಲದ ರಂಗವು ಅಪರಿಚಿತವೆನಿಸದು. 1599ರಲ್ಲಿ ಕಟ್ಟಿದ ಗ್ಲೋಬ್ ರಂಗಮಂದಿರದಲ್ಲಿ ಒಂದು ಪೆನ್ನಿ ಕೊಟ್ಟವರು ಅಂಗಳದಲ್ಲಿ ನಿಂತು ನೋಡುತ್ತಿದ್ದರು. ನಮ್ಮಲ್ಲಿ ‘ನೆಲ’ದ ಟಿಕೀಟಿನವರು ಇದ್ದಂತೆಯೇ. ಅಲ್ಲಿಯೂ ಸ್ತ್ರೀಪಾತ್ರವನ್ನು ಹುಡುಗರೇ ಕಟ್ಟುತ್ತಿದ್ದರು. ಬಣ್ಣದ ಪರದೆಗಳಿರಲಿಲ್ಲ, ಹಗಲು ಬೆಳಕಿನಲ್ಲಿಯೇ ಆಟ. ರಾತ್ರಿಯಾಯಿತು, ಕಾಡು ಬಂದಿತು ಎಂದು ಪಾತ್ರಧಾರಿಯು ಮಾತಿನಲ್ಲಿ ಹೇಳಿದರೆ ಜನರು ಮನಸ್ಸಿನಲ್ಲಿ ಕಾಣುತ್ತಿದ್ದರು. ಪಾರಿಜಾತದ ಆಟವನ್ನು ನೋಡಿ ಬೆಳೆದವರಿಗೆ ಈ ರೀತಿಯನ್ನು ಬೇರೆ ಕಲಿಸಬೇಕೆ?

ಸಣ್ಣ ಊರು ದೊಡ್ಡ ನಾಟಕವನ್ನು ಹೊರಲಾರದೆಂಬ ಸಂಶಯವನ್ನು ಹೆಗ್ಗೋಡಿನವರು ತೊಡೆದುಹಾಕಿದ್ದಾರೆ. ಮಲೆನಾಡಿನ ಆ ಅಡಕೆ ತೋಟಗಳ ಹಳ್ಳಿಯಲ್ಲಿ 1949ರಲ್ಲಿ ನೀನಾಸಮ್ ಹುಟ್ಟಿತು, ಕೆ. ವಿ. ಸುಬ್ಬಣ್ಣನವರು ಅದನ್ನು ಬೆಳೆಯಿಸಿದರು. 1985ರಲ್ಲಿ ಮೊದಲಾದ ಅದರ ತಿರುಗಾಟವು ನಾಡಿನ ಸಣ್ಣ ಊರುಗಳಿಗೂ ಕನ್ನಡದ ನಾಟಕಗಳೊಡನೆ ಷೇಕ್ಸ್‌ಪಿಯರನನ್ನೂ ಹೊತ್ತು ತಂದಿತು. ಇನ್ನೂ ವಿಶೇಷವಾದ ಉದಾಹರಣೆಯುಂಟು. ಎಚ್. ಎಸ್. ಶಿವಪ್ರಕಾಶರು ಮ್ಯಾಕ್‌ಬೆತ್ತನ ಕಥೆಯಿಂದ ಬರೆದ ‘ಮಾರನಾಯಕ’ವನ್ನು ಹುಲುಗಪ್ಪ ಕಟ್ಟೀಮನಿಯವರು ಮೈಸೂರಿನ ಸೆರೆಮನೆಯ ಕೈದಿಗಳಿಂದ ಆಡಿಸಿದರು. ದುರಾಸೆಯಿಂದ ಕೊಲೆಮಾಡಿ ನಿದ್ರೆ ಕಳೆದುಕೊಂಡವನ ಕಥೆಯನ್ನು, ತಪ್ಪಿಗೆ ಶಿಕ್ಷೆಯನ್ನುಣ್ಣುತ್ತಿದ್ದವರು ತಮ್ಮ ಬಾಯಿಂದ ಆಡಿದಾಗ, ಅದು ಪರದೇಶದ ಕಥೆಯಾಗಿ ಉಳಿದೀತೆ? 2012ರಲ್ಲಿ ಲಂಡನ್ನಿನಲ್ಲಿ, ಪುನಃ ಕಟ್ಟಿದ ಗ್ಲೋಬ್ ರಂಗಮಂದಿರದಲ್ಲಿ, ಕವಿಯ 37 ನಾಟಕಗಳನ್ನು 37 ಭಾಷೆಗಳಲ್ಲಿ ಆಡಿಸಿ ಉತ್ಸವ ನಡೆಸಿದರು. ಹಿಂದಿ, ಗುಜರಾತಿ, ಬಂಗಾಳಿ, ಉರ್ದುಗಳಿದ್ದವು, ಕನ್ನಡವಿರಲಿಲ್ಲ. ಪರರ ಮಾತಿನಲ್ಲಿ ಕೇಳುವುದೇ ಕವಿಗೆ ಸಲ್ಲುವ ಮನ್ನಣೆಯೆಂಬುದನ್ನು ಅವನ ನಾಡಿನವರೂ ಕೊನೆಗೆ ಕಂಡುಕೊಂಡರು.

ಈಗ ನಮ್ಮ ಮನೆಗಳ ಮಾತು. ಇಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಮಗು ಇಂಗ್ಲಿಷಿನಲ್ಲಿ ನಾಟಕದ ಒಂದು ತುಣುಕನ್ನು ಬಾಯಿಪಾಠ ಒಪ್ಪಿಸುತ್ತದೆ. ಮುಂದಿನ ಸಾಲಿನಲ್ಲಿ ಕುಳಿತ ಅಜ್ಜಿಯು ಅರ್ಥವಾಗದೆ, ಮೊಮ್ಮಗುವಿನ ಮೇಲಣ ಪ್ರೀತಿಯಿಂದ ಚಪ್ಪಾಳೆ ತಟ್ಟುತ್ತಾಳೆ. ಮಗುವಿಗೂ ಅರ್ಥ ಅರೆಬರೆಯೇ. ಇದರಿಂದ ಇಬ್ಬರ ಮನಸ್ಸಿನಲ್ಲಿಯೂ ಒಂದು ತಪ್ಪು ಬೇರೂರುವುದು: ದೊಡ್ಡ ಸಾಹಿತ್ಯವು ದೊಡ್ಡ ಊರಿನವರದು, ಇಂಗ್ಲಿಷು ಬಲ್ಲವರದು, ನಮ್ಮದಲ್ಲವೆಂದು. ಅಜ್ಜಿ ಮೊಮ್ಮಕ್ಕಳು ಒಂದೇ ಆಟಕ್ಕೆ ಒಟ್ಟಿಗೆ ನಗುವ, ಒಟ್ಟಿಗೆ ಕಣ್ಣೊರೆಸಿಕೊಳ್ಳುವ ಸುಖವು ಒಮ್ಮೆ ಮನೆಯಿಂದ ಹೋದರೆ, ಅದನ್ನು ಯಾವ ಶಾಲೆಯೂ ತಿರುಗಿ ತಂದುಕೊಡಲಾರದು.

ಆದುದರಿಂದ ಒಂದು ಸೂಚನೆಯನ್ನು ಮುಂದಿಡುತ್ತೇವೆ. ಗಜೇಂದ್ರಗಡದ ಸಮೀಪದ ಸೂಡಿಯನ್ನೇ ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಟಂಕಸಾಲೆಯಿದ್ದ ಊರದು. ಚಾಲುಕ್ಯ ಅರಸನ ಸೋದರಿ ಅಕ್ಕಾದೇವಿಯು 11ನೆಯ ಶತಮಾನದಲ್ಲಿ ಕಿಸುಕಾಡು ನಾಡನ್ನು ಆಳಿದಳು. ತಾನೇ ದಂಡಿನೊಡನೆ ಹೋಗಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಇಂತಹ ನೆಲದ ಮಕ್ಕಳಿಗೆ ಅರಸು, ಪಟ್ಟ, ದಾಯಾದಿ ಮತ್ಸರಗಳ ನಾಟಕವನ್ನು ಟೀಕೆ ಬರೆದು ವಿವರಿಸಬೇಕಾಗಿಲ್ಲ. ಅಲ್ಲಿಯ ಜೋಡು ಕಳಸದ ಗುಡಿಯಾದರೋ ಎರಡು ಶಿಖರಗಳನ್ನೆತ್ತಿ ನಿಂತಿದೆ. ಜೋಡಿ ಶಿಖರಗಳ ಊರಿಗೆ ಚನ್ನಬಸಪ್ಪನವರು ಆರಿಸಿದ ಅವಳಿಗಳ ಕಥೆಗಿಂತ ಒಪ್ಪುವುದು ಬೇರೆ ಯಾವುದು?

ಕಥೆ ಸುಲಭ. ಅವಳಿ ಧಣಿಗಳು, ಅವರಿಗೆ ಅವಳಿ ಆಳುಗಳು. ಎಳವೆಯಲ್ಲಿ ಹಡಗೊಡೆದು ಅಗಲಿದವರು ಒಂದೇ ಊರಿಗೆ ಬರುತ್ತಾರೆ. ಹೆಂಡತಿಯು ಗಂಡನನ್ನು ಬಾಗಿಲ ಹೊರಗೆ ನಿಲ್ಲಿಸಿ, ಅವನ ಸೋದರನಿಗೆ ಊಟಕ್ಕೆ ಬಡಿಸುತ್ತಾಳೆ. ಅಕ್ಕಸಾಲಿಗನು ಒಬ್ಬನಿಗೆ ಸರ ಕೊಟ್ಟು ಇನ್ನೊಬ್ಬನಲ್ಲಿ ಹಣ ಕೇಳುತ್ತಾನೆ. ಕೊನೆಗೆ ಅಗಲಿದ ತಾಯಿತಂದೆಗಳೂ ಕೂಡಿಕೊಂಡು ಸರ್ವಮಂಗಳವಾಗುವುದು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಇದೇ ಎಲ್ಲಕ್ಕಿಂತ ಚಿಕ್ಕದು.

ಮೊದಲು ಮನೆಯಲ್ಲಿ, ರಾತ್ರಿ ಊಟವಾದ ಮೇಲೆ, ಓದಬಲ್ಲವರೊಬ್ಬರು ಕಥೆಯನ್ನು ಗಟ್ಟಿಯಾಗಿ ಓದಿ ಹೇಳಲಿ. ನಾಲ್ಕಾರು ಮನೆಯವರು ಕೂಡಿ ಪಾತ್ರಗಳನ್ನು ಹಂಚಿಕೊಳ್ಳಲಿ. ಹೆಸರುಗಳು ನಮ್ಮವಾಗಲಿ, ಆಳುಗಳ ಮಾತು ಊರಿನ ಆಡುಮಾತೇ ಆಗಲಿ. ಸ್ತ್ರೀಪಾತ್ರಗಳಿಗೆ ಹೆಣ್ಣುಮಕ್ಕಳೇ ಮುಂದೆ ಬರಲಿ. ಹೊಸ ಅನುವಾದಗಳನ್ನು ಬಳಸುವುದಾದರೆ ಹಕ್ಕುದಾರರ ಒಪ್ಪಿಗೆಯನ್ನು ಪಡೆಯತಕ್ಕದ್ದು. ಪರದೆ, ದೀಪ, ಬಾಡಿಗೆಯ ಪೋಷಾಕುಗಳಿಗಾಗಿ ಸಾಲ ಮಾಡಬೇಡಿರಿ. ಶಾಲೆಯ ಅಂಗಳವೂ ಸಂಜೆಯ ಬೆಳಕೂ ಸಾಕು; ಗ್ಲೋಬಿನಲ್ಲಿಯೂ ಇದ್ದುದು ಅಷ್ಟೆ.

ಬರುವ ಏಪ್ರಿಲಿಗೆ ಇನ್ನೂ ವೇಳೆಯಿದೆ. ಯಾವ ಊರಿನ ಗೃಹಸ್ಥರಾದರೂ ಒಂದು ಸಂಜೆ ಇಂತಹ ಆಟವನ್ನು ನಡೆಯಿಸಿ, ನೆಲದ ಮೇಲೆ ಕುಳಿತ ಮುದುಕರೂ ಮಕ್ಕಳೂ ಒಂದೇ ಮಾತಿಗೆ ನಗುವಂತೆ ಮಾಡಿದರೆ, ಪಟಕ್ಕೆ ಮಾಲೆ ಹಾಕುವುದನ್ನು ಮರೆತರೂ ಕವಿಗೆ ಸಲ್ಲಬೇಕಾದ ಪೂಜೆಯು ಸಂದಂತೆಯೇ.