ಎರೆಬಯಲಿನ ದೂರದ ಗುರಿ

ಬೇಟೆಗಾರನಿಗೆ ಕಾಡಿಗಿಂತ ಬಯಲು ಕಠಿಣ. ಕಾಡಿನಲ್ಲಿ ಮರದ ಮರೆಯುಂಟು, ಪೊದೆಯುಂಟು, ಹೊಂಚುಹಾಕಿ ಕುಳಿತಿರಲು ಹಳ್ಳದ ದಂಡೆಯುಂಟು. ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾದು ಲಿಂಗಸುಗೂರಿಗೆ ಹೋಗುವ ದಾರಿಯ ಇಕ್ಕೆಲಗಳ ಎರೆನೆಲದಲ್ಲಿ, ಅಲ್ಲಲ್ಲಿ ತಲೆಯೆತ್ತಿದ ಕಲ್ಲುಗುಡ್ಡಗಳನ್ನು ಬಿಟ್ಟರೆ, ಅಂಥ ಆಸರೆ ವಿರಳ. ಇಂಥ ಬಯಲು ಕೃಷ್ಣಮೃಗಕ್ಕೆ ಪ್ರಿಯವಾದ ನೆಲೆ. ಉತ್ತರ ಕರ್ನಾಟಕದವರು ಅದನ್ನು ಚಿಗರಿ ಎನ್ನುತ್ತಾರೆ. ಅದರ ರಕ್ಷಣೆ ಅದರ ಕಣ್ಣಿನಲ್ಲಿಯೂ ಕಾಲಿನಲ್ಲಿಯೂ ಇದೆ. ಬಹುದೂರದಿಂದಲೇ ಶತ್ರುವನ್ನು ಕಾಣುತ್ತದೆ. ಕಂಡೊಡನೆ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲುದು. ಹಾಗಾದರೆ ಮನುಷ್ಯನ ಕೈ ಅದನ್ನು ಮುಟ್ಟುವುದು ಹೇಗೆ? ಬೇಟೆಯ ಆಯುಧಗಳ ಇತಿಹಾಸವೆಂದರೆ ಬಹುಮಟ್ಟಿಗೆ ಈ ಒಂದು ಪ್ರಶ್ನೆಗೆ ಮನುಷ್ಯನು ಹುಡುಕಿಕೊಂಡ ಉತ್ತರಗಳ ಇತಿಹಾಸವೇ ಆಗಿದೆ.

ಆ ಉತ್ತರಗಳ ಸಾಲಿನ ಮೊದಲ ಕುರುಹುಗಳು ಈ ನೆಲದಲ್ಲಿಯೇ ಇವೆ. 1954ರಲ್ಲಿ ಬಿ.ಕೆ. ಥಾಪರ್ ಅವರು ಮಸ್ಕಿಯಲ್ಲಿ ನಡೆಸಿದ ಉತ್ಖನನದಲ್ಲಿ ನುಣುಪು ಕಲ್ಲಿನಿಂದ ಸೀಳಿ ತೆಗೆದ ಚಿಕ್ಕ ಅಲಗುಗಳು ದೊರೆತವು. ಅವುಗಳ ಮೇಲಿನ ಪದರಗಳಲ್ಲಿ ಕಬ್ಬಿಣದ ಕಾಲದ ಅವಶೇಷಗಳು ಕಂಡವು. ಕಲ್ಲಿನ ಅಲಗನ್ನು ಕೋಲಿಗೆ ಸಿಕ್ಕಿಸಿದಾಗ ಮನುಷ್ಯನ ಕೈ ಒಂದು ಮಾರು ಉದ್ದವಾಯಿತು. ಬಾಣಕ್ಕೆ ಸಿಕ್ಕಿಸಿದಾಗ ಹತ್ತಾರು ಮಾರು ಉದ್ದವಾಯಿತು. ಆದರೂ ಮೃಗದ ಉಸಿರು ಕೇಳಿಸುವಷ್ಟು ಸಮೀಪಕ್ಕೆ ಬೇಟೆಗಾರನು ಹೋಗಲೇಬೇಕಾಗಿತ್ತು.

ದೂರದಿಂದ ಗುರಿಯಿಟ್ಟು ಹೊಡೆಯುವ ಕೋವಿಯ ಭೀಕರತೆಯನ್ನು ಈ ದೋಆಬಿನ ಜನ ಕಂಡದ್ದು ಬೇಟೆಯಲ್ಲಲ್ಲ, ಯುದ್ಧದಲ್ಲಿ. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಮುತ್ತಿದ್ದಾಗ ಕ್ರಿಸ್ಟೋವಾವ್ ದ ಫಿಗೆರೇದೊ ಎಂಬ ಪೋರ್ಚುಗೀಸನು ತನ್ನ ಕೋವಿಕಾರರೊಡನೆ ಅಲ್ಲಿದ್ದನು. ಕೋಟೆಯವರು ಕೋವಿಯ ಶಕ್ತಿಯನ್ನರಿಯದೆ ಗೋಡೆಯ ಮೇಲೆ ನಿರ್ಭಯರಾಗಿ ಓಡಾಡುತ್ತಿದ್ದರೆಂದೂ, ಪೋರ್ಚುಗೀಸರು ಅವರನ್ನು ಕೆಳಗಿನಿಂದಲೇ ಹೊಡೆದು ಕೆಡವಿದರೆಂದೂ, ಗೋಡೆಯಿಂದ ಬಾಗಿ ನೋಡಿದ ಕೋಟೆಯ ಅಧಿಪತಿಯ ಹಣೆಗೇ ಗುಂಡು ತಗುಲಿತೆಂದೂ ನೂನಿಜನು ಬರೆದಿಟ್ಟಿದ್ದಾನೆ. ಕೊಂದವನ ಮುಖವನ್ನು ಕಾಣದೆಯೇ ಸಾಯುವ ಕಾಲ ಅಂದು ಇಲ್ಲಿಗೆ ಬಂದಿತು.

ಮುಂದೆ ಈ ಆಯುಧವನ್ನು ತಮ್ಮದಾಗಿಸಿಕೊಂಡವರು ಬೇಡರು. ಲಿಂಗಸುಗೂರಿನ ಉತ್ತರಕ್ಕೆ, ಕೃಷ್ಣೆಯ ಆಚೆಗಿರುವ ಸುರಪುರದ ನಾಯಕರ ಸೈನ್ಯದ ಬಲವೆಲ್ಲ ಅವರ ಕಣ್ಣಳತೆಯಲ್ಲಿತ್ತು. 1705ರಲ್ಲಿ ಔರಂಗಜೇಬನು ಮುಪ್ಪಿನ ವಯಸ್ಸಿನಲ್ಲಿ ತಾನೇ ಬಂದು ವಾಗಿನಗೇರೆಯ ಕೋಟೆಗೆ ಮುತ್ತಿಗೆ ಹಾಕಿದಾಗ, ಪಿಡ್ಡನಾಯಕನ ಬೇಡ ಕೋವಿಕಾರರು ಆ ಮಹಾಸೈನ್ಯವನ್ನು ಸುಮಾರು ಮೂರು ತಿಂಗಳು ತಡೆದು ನಿಲ್ಲಿಸಿದರು.

ಅವರ ಕೈಯಲ್ಲಿದ್ದುದು ಬತ್ತಿಯಿಂದ ಕಿಡಿ ಮುಟ್ಟಿಸುವ ಉದ್ದ ನಳಿಕೆಯ ಕೋವಿ. ಬಾಯಿಯಿಂದ ಮದ್ದು ಸುರಿದು, ಗುಂಡನ್ನು ಗಜದಿಂದ ಗಿಡಿದು, ಹೊತ್ತಿದ ಬತ್ತಿಯನ್ನು ಕಿವಿಯ ಮದ್ದಿಗೆ ತಾಗಿಸಿದಾಗ ಈಡು ಹಾರುತ್ತಿತ್ತು. ಒಳಮೈ ನುಣುಪಾದ ಅಂಥ ನಳಿಕೆಯಲ್ಲಿ ಗುಂಡು ಅತ್ತಿತ್ತ ತಾಗುತ್ತ ಹೊರಬೀಳುತ್ತದೆ. ನೂರು ಗಜದಾಚೆ ಅದು ಎಲ್ಲಿಗೆ ಹೋದೀತೆಂದು ನಿಶ್ಚಯವಾಗಿ ಹೇಳುವಂತಿಲ್ಲ. ಮತ್ತೊಮ್ಮೆ ಮದ್ದು ತುಂಬುವಷ್ಟರಲ್ಲಿ ಚಿಗರಿ ಕಣ್ಣಿನಿಂದ ಮರೆಯಾಗಿರುತ್ತದೆ. ಆದುದರಿಂದ ಬಯಲಿನ ಬೇಟೆಯವರು ಒಂದು ಉಪಾಯ ಹೂಡುತ್ತಿದ್ದರು. ಹೊಲಕ್ಕೆ ಹೋಗುವ ಎತ್ತಿನ ಗಾಡಿಗೆ ಚಿಗರಿ ಬೆದರುವುದಿಲ್ಲ. ಗಾಡಿಯ ಮರೆಯಲ್ಲಿ ನಡೆಯುತ್ತ, ನೇರವಾಗಿ ಹೋಗದೆ ಸುತ್ತು ಬಳಸಿ, ತಾಳ್ಮೆಯಿಂದ ಹತ್ತಿರವಾಗುತ್ತಿದ್ದರು. ಕೋವಿಯ ಕೊರತೆಯನ್ನು ಬೇಟೆಗಾರನ ವಿದ್ಯೆ ತುಂಬಿಕೊಡುತ್ತಿತ್ತು.

ಈ ಕೊರತೆಯನ್ನು ನೀಗಿಸಿದ್ದು ರೈಫಲ್. ನಳಿಕೆಯ ಒಳಮೈಯಲ್ಲಿ ಸುರುಳಿಯಾಕಾರದ ತೋಡುಗಳನ್ನು ಕೊರೆದರೆ ಗುಂಡು ಗಿರಗಿರನೆ ತಿರುಗುತ್ತ ಹೊರಬರುತ್ತದೆ. ತಿರುಗುವ ಬುಗುರಿ ನೆಟ್ಟಗೆ ನಿಲ್ಲುವಂತೆ, ತಿರುಗುವ ಗುಂಡು ತನ್ನ ದಾರಿಯನ್ನು ಬಿಡುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ರಿಗ್ಬಿ, ಹಾಲೆಂಡ್ ಅಂಡ್ ಹಾಲೆಂಡ್ ಮೊದಲಾದ ಕುಶಲಿಗಳು ಭಾರತದ ಅಧಿಕಾರಿಗಳಿಗೂ ಸಂಸ್ಥಾನಿಕರಿಗೂ ಇಂಥ ಬೇಟೆಯ ರೈಫಲ್ಲುಗಳನ್ನು ಒಂದೊಂದಾಗಿ ಕಟ್ಟಿಕೊಡುತ್ತಿದ್ದರು. ದರ್ಜಿಯು ಅಂಗಿಗೆ ಅಳತೆ ತೆಗೆದುಕೊಳ್ಳುವಂತೆ, ಗಿರಾಕಿಯ ಕೈಯುದ್ದ, ಕುತ್ತಿಗೆ, ಕೆನ್ನೆಯ ಎತ್ತರಗಳನ್ನು ನೋಡಿ ಅಕ್ರೋಡು ಮರದ ಹಿಂಬದಿಯನ್ನು ಕೆತ್ತುತ್ತಿದ್ದರು. ಕೋವಿಯನ್ನೆತ್ತಿ ಭುಜಕ್ಕಾನಿಸಿದೊಡನೆ ಕಣ್ಣು ತಾನಾಗಿ ಗುರಿಯ ಸಾಲಿಗೆ ಬರಬೇಕು ಎಂಬುದು ಅವರ ಸೂತ್ರ. ಇಂದಿಗೂ ಅಮೆರಿಕದಂಥ ದೇಶಗಳಲ್ಲಿ ನಳಿಕೆಯನ್ನು ಒಬ್ಬನಿಂದ, ಹಿಂಬದಿಯನ್ನು ಇನ್ನೊಬ್ಬನಿಂದ, ದುರ್ಬೀನನ್ನು ಮತ್ತೊಬ್ಬನಿಂದ ತರಿಸಿ, ತಮ್ಮದೇ ಅಳತೆಯ ದೂರಗಾಮಿ ರೈಫಲ್ ಕಟ್ಟಿಸಿಕೊಳ್ಳುವ ಹವ್ಯಾಸಿಗಳಿದ್ದಾರೆ.

ಆದರೆ ದೂರಗಾಮಿ ಕೋವಿ ಯಾರ ಕೈಯಲ್ಲಿರಬೇಕೆಂಬುದು ಕುಶಲಿಯೊಬ್ಬನೇ ನಿರ್ಣಯಿಸುವ ವಿಷಯವಲ್ಲ. 1857ರ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಒಪ್ಪದೆ ಹಲಗಲಿಯ ಬೇಡರು ಪ್ರಾಣ ತೆತ್ತ ಕಥೆ ಕನ್ನಡಿಗರಿಗೆಲ್ಲ ಲಾವಣಿಯ ಮೂಲಕ ಪರಿಚಿತವೇ. ಆಯುಧವೆಂದರೆ ಅವರಿಗೆ ಬೇಟೆಯ ಅನ್ನ, ಮನೆತನದ ಮಾನ. ಮರುವರ್ಷದ ಫೆಬ್ರವರಿಯಲ್ಲಿ ಲಿಂಗಸುಗೂರಿನ ದಂಡಿನಿಂದ ಹೊರಟ ಪಡೆ ಸುರಪುರದ ಮೇಲೆ ಬಿತ್ತು. ತರುಣ ರಾಜಾ ವೆಂಕಟಪ್ಪ ನಾಯಕನ ಆಳ್ವಿಕೆ ಕೊನೆಗೊಂಡಿತು. ಬಾಲ್ಯದಲ್ಲಿ ಅವನನ್ನು ಸಾಕಿ ಸಲಹಿದ ಮೆಡೋಸ್ ಟೇಲರನ ಆತ್ಮಕಥೆಯಲ್ಲಿ ಆ ದುಃಖದ ವೃತ್ತಾಂತವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದೇ ಭಯದಿಂದ ಬ್ರಿಟಿಷ್ ಸರಕಾರವು .450 ಅಳತೆಯ ರೈಫಲ್ಲುಗಳನ್ನು ಭಾರತಕ್ಕೆ ತರಕೂಡದೆಂದಿತು; ಅವುಗಳ ಗುಂಡು ಸೈನ್ಯದ ಹಳೆಯ ಬಂದೂಕುಗಳಿಗೂ ಒದಗಬಹುದೆಂಬ ಶಂಕೆ. ಲಂಡನ್ನಿನ ಕುಶಲಿಗಳು .465, .470 ಎಂಬ ಹೊಸ ಅಳತೆಗಳನ್ನು ಹುಟ್ಟಿಸಿದ್ದು ಅದರ ಪರಿಣಾಮವಾಗಿಯೇ.

ಇನ್ನು ಬೇಟೆಯ ನ್ಯಾಯದ ಪ್ರಶ್ನೆ. ಈ ಕಾಲದ ಸಾಮಾನ್ಯ ಬೇಟೆಯ ರೈಫಲ್ಲಿನ ಗುಂಡು ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಿಂದ ಹೊರಡುತ್ತದೆ. ಆದರೂ ನೂರು ಮೀಟರಿಗೆ ಗುರಿ ಹೊಂದಿಸಿದ ಕೋವಿಯ ಗುಂಡು ಐನೂರು ಮೀಟರ್ ಮುಟ್ಟುವಾಗ ಗುರಿಯ ರೇಖೆಗಿಂತ ಸುಮಾರು ಎರಡು ಮೀಟರ್ ಕೆಳಗಿಳಿದಿರುತ್ತದೆ. ಅಡ್ಡಗಾಳಿ ಅದನ್ನು ಬದಿಗೆ ತಳ್ಳುತ್ತದೆ. ಇವೆರಡನ್ನೂ ಗಣಿತದಿಂದ ಸರಿಪಡಿಸಬಹುದು. ದುರ್ಬೀನಿನ ತಿರುಪುಗಳಿರುವುದು ಅದಕ್ಕಾಗಿಯೇ. ಸರಿಪಡಿಸಲಾಗದ ಸಂಗತಿ ಇನ್ನೊಂದಿದೆ. ಅಷ್ಟು ದೂರ ಸಾಗಲು ಗುಂಡಿಗೆ ಸೆಕೆಂಡಿನ ಮುಕ್ಕಾಲು ಪಾಲಿಗೂ ಹೆಚ್ಚು ಕಾಲ ಬೇಕು. ಆ ಅವಧಿಯಲ್ಲಿ ಮೇಯುತ್ತಿರುವ ಚಿಗರಿ ಒಂದು ಹೆಜ್ಜೆ ಮುಂದಿಟ್ಟರೆ ಸಾಕು, ಎದೆಗೆ ಇಟ್ಟ ಗುರಿ ಹೊಟ್ಟೆಗೆ ತಗುಲುತ್ತದೆ. ಗಾಯಗೊಂಡ ಮೃಗ ಓಡುತ್ತದೆ. ಎಲ್ಲೋ ಬಿದ್ದು ನರಳಿ ಸಾಯುತ್ತದೆ. ಹತ್ತಿರದಿಂದ ಹೊಡೆದ ಬೇಡನು ನೆತ್ತರಿನ ಜಾಡು ಹಿಡಿದು ಹೋಗಿ ತನ್ನ ಕೆಲಸವನ್ನು ಮುಗಿಸುತ್ತಿದ್ದನು. ಅರ್ಧ ಕಿಲೋಮೀಟರ್ ದೂರದಲ್ಲಿ ಮಲಗಿ ಹೊಡೆದವನಿಗೆ ಗುಂಡು ತಗುಲಿತೇ ತಪ್ಪಿತೇ ಎಂಬುದೇ ಅನೇಕ ವೇಳೆ ತಿಳಿಯದು. ಈ ಕಾರಣದಿಂದಲೇ, ತನಗೆ ನಿಶ್ಚಯವಿರುವ ದೂರಕ್ಕಿಂತ ಆಚೆಗೆ ಕೋವಿಯೆತ್ತದಿರುವುದನ್ನು ಒಳ್ಳೆಯ ಬೇಟೆಗಾರರು ಧರ್ಮವೆಂದು ಭಾವಿಸುತ್ತಾರೆ. ಆಯುಧದ ಕೈ ಉದ್ದವಾದಷ್ಟೂ ಹಿಡಿದವನ ಸಂಯಮವೂ ಉದ್ದವಾಗಬೇಕಷ್ಟೆ.

ಈ ಸಂಯಮದ ಮಾತನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಬಂಡೆಯ ಮೇಲೆ ಕೊರೆಸಿದ ಅರಸನ ಹೆಸರು ಸ್ಪಷ್ಟವಾಗಿ ಮೊದಲು ಗೋಚರಿಸಿದ್ದು ಮಸ್ಕಿಯಲ್ಲಿಯೇ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಇಲ್ಲಿನ ಗುಡ್ಡದಲ್ಲಿ ಕಂಡುಹಿಡಿದ ಶಾಸನದಿಂದ, ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಸ್ಥಿರಪಟ್ಟಿತು. ಮಸ್ಕಿಯ ಶಾಸನದಲ್ಲಿ ಬೇಟೆಯ ಮಾತಿಲ್ಲ. ಅದು ಇರುವುದು ಆಂಧ್ರದ ಯರ್ರಗುಡಿಯೇ ಮೊದಲಾದೆಡೆಗಳ ಬಂಡೆಶಾಸನಗಳಲ್ಲಿ. ಹಿಂದಿನ ಅರಸರು ಬೇಟೆಯ ವಿಹಾರಕ್ಕೆ ಹೋಗುತ್ತಿದ್ದರು, ತಾನು ಅದರ ಬದಲು ಧರ್ಮಯಾತ್ರೆಗೆ ಹೊರಟೆನೆಂದು ಅವನು ಹೇಳಿಕೊಂಡಿದ್ದಾನೆ. ಅರಮನೆಯ ಅಡುಗೆಗೆ ದಿನವೂ ಲಕ್ಷೋಪಲಕ್ಷ ಪ್ರಾಣಿಗಳು ಸಾಯುತ್ತಿದ್ದವು, ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ, ಜಿಂಕೆಯೂ ನಿತ್ಯವಲ್ಲ ಎಂದು ಪ್ರಾಮಾಣಿಕವಾಗಿ ಲೆಕ್ಕ ಕೊಟ್ಟಿದ್ದಾನೆ. ಅಧಿಕಾರವೆಲ್ಲ ತನ್ನ ಕೈಯಲ್ಲಿದ್ದಾಗ ಕೈಯನ್ನು ಹಿಂದಕ್ಕೆಳೆದುಕೊಂಡವನ ಲೆಕ್ಕವದು.

ಅನಂತರದ ಕಥೆ ಚಿಕ್ಕದು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದು ಸಿಂಧನೂರಿನ ಎರೆನೆಲ ಬತ್ತದ ಗದ್ದೆಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೃಷ್ಣಮೃಗಕ್ಕೆ ಅತ್ಯುನ್ನತ ರಕ್ಷಣೆಯನ್ನು ಕೊಟ್ಟಿತು. ಆದರೆ ಕಾಯಿದೆಯು ಚಿಗರಿಯನ್ನು ಗುಂಡಿನಿಂದ ಕಾಯಬಲ್ಲುದೇ ಹೊರತು ಮೇಯಲು ಬಯಲನ್ನು ಹುಟ್ಟಿಸಿಕೊಡಲಾರದು. ನೇಗಿಲಿನ ಕೈ ರೈಫಲ್ಲಿನ ಕೈಗಿಂತಲೂ ಉದ್ದವಾದದ್ದು. ಅದರ ವಿಷಯದಲ್ಲಿಯೂ ಇದೇ ಸಂಯಮವನ್ನು ತೋರಿ, ಅಲ್ಲಲ್ಲಿ ಉಳಿದಿರುವ ಹುಲ್ಲುಗಾವಲಿನ ತುಣುಕುಗಳನ್ನು ಬಿಟ್ಟುಕೊಡಬಹುದೇ ಎಂಬುದೀಗ ಈ ಸೀಮೆಯವರು ಯೋಚಿಸಬೇಕಾದ ವಿಷಯ.