ಜೋಡಿ ಹಾಡು, ಒಂಟಿ ನೋವು

ಕುಣಿಗಲ್ ಕೆರೆಯ ಹಾಡು ನಮ್ಮ ಜಿಲ್ಲೆಯ ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ? ಅಂಥ ಹಳ್ಳಿ ಹಾಡುಗಳನ್ನು ರೇಡಿಯೋಗೂ ಗ್ರಾಮಫೋನ್ ತಟ್ಟೆಗೂ ಹತ್ತಿಸಿ, ಪೇಟೆಯವರ ಬಾಯಲ್ಲೂ ಆಡುವಂತೆ ಮಾಡಿದವರಲ್ಲಿ ಪಿ. ಕಾಳಿಂಗರಾಯರು (1914–1981) ಮೊದಲ ಸಾಲಿನವರು. ಅವರ ದನಿಗೆ ದನಿ ಕೂಡಿಸಿದವರು ಮೋಹನಕುಮಾರಿ, ಸೋಹನಕುಮಾರಿ ಎಂಬ ಇಬ್ಬರು ಹೆಣ್ಣುಮಕ್ಕಳು. ಆ ಎರಡು ದನಿಗಳನ್ನು ತೆಗೆದರೆ ಹಾಡು ಬಡವಾಗುತ್ತದೆ. ಆದರೂ ನಾವು ‘ಕಾಳಿಂಗರಾಯರ ಹಾಡು’ ಎಂದೇ ಹೇಳುತ್ತೇವೆ. ಇರಲಿ, ಆ ಜಗಳ ಇನ್ನೊಂದು ದಿನಕ್ಕೆ.

ಈಗ ಹೇಳಬೇಕಾದದ್ದು ಜೋಡಿ ದನಿಯ ಮೇಲೆ ನಮಗಿರುವ ಮೋಹದ ಬಗ್ಗೆ. ಗಂಡುದನಿ ಹೆಣ್ಣುದನಿ ಕೂಡಿದರೆ ಕಿವಿಗೆ ಹಿತ. ಎದುರಿಗೆ ಅಷ್ಟು ಚೆನ್ನಾಗಿ ಕೂಡಿ ಹಾಡುವವರು ಮನೆಯೊಳಗೂ ಹಾಗೇ ಇರುತ್ತಾರೆ ಎಂದು ನಂಬಿಬಿಡುತ್ತೇವೆ. ಈ ನಂಬಿಕೆ ಎಷ್ಟು ಮೋಸದ್ದು ಎಂಬುದಕ್ಕೆ ದೂರದ ಅಮೆರಿಕದ ಒಬ್ಬ ಹಾಡುಗಾರ್ತಿಯ ಬದುಕೇ ಸಾಕ್ಷಿ.

ಆಕೆಯ ಹೆಸರು ಟ್ಯಾಮಿ ವೈನೆಟ್. ಹುಟ್ಟಿದ್ದು 1942ರಲ್ಲಿ, ಮಿಸ್ಸಿಸಿಪ್ಪಿ ರಾಜ್ಯದ ಹಳ್ಳಿಗಾಡಿನಲ್ಲಿ. ಕೂಸಿಗೆ ಒಂದು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡ. ಅಜ್ಜ ಅಜ್ಜಿಯ ಹೊಲದಲ್ಲಿ ಹತ್ತಿ ಬಿಡಿಸುತ್ತ ಬೆಳೆದ ಹುಡುಗಿ ಅದು. ಹದಿನೇಳಕ್ಕೆಲ್ಲ ಮದುವೆ. ಆ ಸಂಸಾರ ಉಳಿಯಲಿಲ್ಲ. ಹೊಟ್ಟೆಪಾಡಿಗೆ ಹೆಂಗಸರ ತಲೆಗೂದಲು ಒಪ್ಪ ಮಾಡುವ ಕೆಲಸ ಕಲಿತಳು, ಅದಕ್ಕೆ ಸರ್ಕಾರದ ಲೈಸೆನ್ಸ್ ಪಡೆದಳು. 1966ರಲ್ಲಿ ಮೂರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು, ಹಾಡಿನ ಕಂಪನಿಗಳಿದ್ದ ನ್ಯಾಶ್‌ವಿಲ್ ಪಟ್ಟಣಕ್ಕೆ ಬಂದು ಬಾಗಿಲು ಬಾಗಿಲು ತಟ್ಟಿದಳು. ಆಕೆ ಹಾಡುತ್ತಿದ್ದದ್ದು ‘ಕಂಟ್ರಿ’ ಹಾಡು. ಅಲ್ಲಿನ ರೈತರು, ಕೂಲಿಯವರು, ಲಾರಿ ಓಡಿಸುವವರು ತಮ್ಮದೆಂದುಕೊಂಡ ಹಾಡು.

1968ರಲ್ಲಿ ಬಂದ ‘ಸ್ಟ್ಯಾಂಡ್ ಬೈ ಯುವರ್ ಮ್ಯಾನ್’ ಆಕೆಯನ್ನು ಮನೆಮಾತಾಗಿಸಿತು. ಗಂಡ ಹೇಗೇ ಇರಲಿ, ಅವನ ಬೆನ್ನಿಗೆ ನಿಲ್ಲು ಎಂಬ ಧಾಟಿಯ ಹಾಡು. ಅಲ್ಲಿನ ಮಹಿಳಾ ಚಳವಳಿಯವರು ಉಗಿದರು. ಉಗಿದದ್ದು ತಪ್ಪಲ್ಲ. ಆದರೆ ಹಾಡಿದವಳ ಬದುಕನ್ನು ನೋಡಿದರೆ ಆ ಹಾಡು ಬೇರೆಯೇ ಥರ ಕೇಳಿಸುತ್ತದೆ. ಮುಂದಿನ ವರ್ಷವೇ ಆಕೆ ಜಾರ್ಜ್ ಜೋನ್ಸ್ ಎಂಬ ಇನ್ನೂ ದೊಡ್ಡ ಹಾಡುಗಾರನನ್ನು ಮದುವೆಯಾದಳು. ಇಬ್ಬರೂ ಕೂಡಿ ಹಾಡತೊಡಗಿದರು. ಜನ ಹುಚ್ಚೆದ್ದರು. ಇಂಥ ಜೋಡಿ ಇನ್ನೊಂದಿಲ್ಲ ಎಂದರು. ಅವನ ಕುಡಿತ ಮಾತ್ರ ಊರಿಗೇ ಗೊತ್ತಿದ್ದ ವಿಷಯ. ಅವನೇ ಆಮೇಲೆ ಬರೆದುಕೊಂಡಿದ್ದಾನೆ. ಕುಡಿದು ಬಂದ ಗಂಡನಿಗೆ ಹೆದರಿ ಕಳೆದ ರಾತ್ರಿಗಳನ್ನು ಆಕೆ 1979ರ ತನ್ನ ಆತ್ಮಕಥೆಯಲ್ಲಿ ಹೇಳಿದ್ದಾಳೆ. ಅದರಲ್ಲಿ ಕೆಲವನ್ನು ಅವನು ಒಪ್ಪಲಿಲ್ಲ.

1973ರಲ್ಲಿ ಆಕೆ ವಿಚ್ಛೇದನಕ್ಕೆ ಅರ್ಜಿ ಹಾಕಿದಳು. ಆಮೇಲೆ ರಾಜಿಯಾಯಿತು, ಅರ್ಜಿ ಹಿಂದಕ್ಕೆ ಬಂತು. ಅದೇ ವರ್ಷ ಇಬ್ಬರ ದನಿಯಲ್ಲಿ ಒಂದು ಹಾಡು ಬಂತು: ನಾವು ಕೈ ಬಿಡುವುದಿಲ್ಲ, ಗಟ್ಟಿಯಾಗಿ ಹಿಡಿದುಕೊಳ್ಳುತ್ತೇವೆ ಎಂಬ ಅರ್ಥದ್ದು. ಅದು ಮೊದಲ ಸ್ಥಾನಕ್ಕೇರಿತು. ಕೇಳಿದವರ ಕಣ್ಣು ತುಂಬಿತು. ಆದರೆ ಹಾಡು ಗೆದ್ದರೆ ಮನೆ ಸರಿಹೋಗುತ್ತದೆಯೇ? 1975ರಲ್ಲಿ ಸಂಸಾರ ಮುರಿಯಿತು. ಜನರಿಗೆ ಜೋಡಿ ಬೇಕೇ ಬೇಕು, ಕಂಪನಿಗೆ ಹಣ ಬೇಕು. 1976ರಲ್ಲಿ, ಬೇರೆಯಾದ ಮೇಲೂ, ಇಬ್ಬರೂ ಕೂಡಿ ‘ಗೋಲ್ಡನ್ ರಿಂಗ್’ ಎಂಬ ಹಾಡು ಹಾಡಿದರು. ಗಿರವಿ ಅಂಗಡಿಯಿಂದ ಒಂದು ಬಡಜೋಡಿ ಉಂಗುರ ಕೊಂಡು ಮದುವೆಯಾಗುವುದು, ಜಗಳವಾಡಿ ಬೇರೆಯಾಗುವುದು, ಉಂಗುರ ಮತ್ತೆ ಗಿರವಿ ಅಂಗಡಿ ಸೇರುವುದು, ಇದು ಅದರ ಕಥೆ. ತವರಿನವರು ಸಾಲ ಮಾಡಿ ಕೊಟ್ಟ ಸರ, ಓಲೆ ಮೂರೇ ವರ್ಷದಲ್ಲಿ ಗಿರವಿ ಕಟ್ಟೆ ಹತ್ತಿದ್ದನ್ನು ಕಂಡ ನಮಗೆ ಈ ಕಥೆಗೆ ವಿವರಣೆ ಬೇಕಿಲ್ಲ.

ಆ 1973ರ ರಾಜಿಯ ಮೇಲೆಯೇ ನನ್ನ ಸಿಟ್ಟು. ನಮ್ಮೂರುಗಳಲ್ಲಿ ಇದು ದಿನನಿತ್ಯ ನಡೆಯುತ್ತದೆ. ಹೊಡೆತ ತಿಂದ ಹೆಣ್ಣು ತವರಿಗೆ ಬರುತ್ತಾಳೆ. ಅರಳಿಕಟ್ಟೆಯಲ್ಲಿ ಪಂಚಾಯ್ತಿ ಕೂರುತ್ತದೆ. ದೊಡ್ಡವರು ಹೇಳುವ ಮೊದಲ ಮಾತು ಏನು? “ಎಷ್ಟು ಚಂದದ ಜೋಡಿ, ಮುರೀಬೇಡಿ.” ಜಾತ್ರೆಯಲ್ಲಿ ಜೊತೆಯಾಗಿ ಹಣ್ಣುಕಾಯಿ ಮಾಡಿಸಿದ್ದನ್ನು ಕಂಡಿದ್ದಾರೆ, ಮೋಟಾರ್ ಸೈಕಲ್ಲಿನಲ್ಲಿ ಹಿಂದೆ ಕೂತು ಹೋಗಿದ್ದನ್ನು ಕಂಡಿದ್ದಾರೆ. ಬಾಗಿಲು ಹಾಕಿದ ಮೇಲೆ ಕಂಡವರು ಯಾರು? ಅವಳೊಬ್ಬಳೇ. ಅವಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ಗಂಡ, ಅತ್ತೆ, ಮಾವ ಎದುರಿಗೆ ಕೂತಿರುವಾಗ ಕೇಳುತ್ತಾರೆ. ಅವಳು ತಲೆಯಾಡಿಸುತ್ತಾಳೆ. ಅದನ್ನೇ ಒಪ್ಪಿಗೆ ಎಂದು ಬರೆಸಿ ಹೆಬ್ಬೆಟ್ಟು ಒತ್ತಿಸುತ್ತಾರೆ. ಹೀಗೆ ಕಳಿಸಿದ ಎಷ್ಟೋ ಹೆಣ್ಣುಮಕ್ಕಳು ಸ್ಟವ್ ಸಿಡಿದು, ಬಾವಿಗೆ ಕಾಲು ಜಾರಿ ಹೋದರೆಂಬ ಸುದ್ದಿ ಬಂದಾಗ ಅದೇ ಪಂಚಾಯ್ತಿಯವರು ಮಣ್ಣಿಗೆ ಬಂದು ನಿಲ್ಲುತ್ತಾರೆ. ಇದಕ್ಕೆ ರಾಜಿ ಎನ್ನಬೇಕೋ ಬೇರೆ ಹೆಸರಿಡಬೇಕೋ, ನೀವೇ ಹೇಳಿ.

ಜೋಡಿ ಹಾಡು ಎಂದರೆ ಒಬ್ಬರ ರಾಗಕ್ಕೆ ಇನ್ನೊಬ್ಬರು ತಲೆಬಾಗುವುದೇ ಆಗಬೇಕಿಲ್ಲ. ಬೆಳಗಾವಿ, ವಿಜಯಪುರದ ಕಡೆ ಹರದೇಶಿ–ನಾಗೇಶಿ ಎಂಬ ಲಾವಣಿ ಮೇಳಗಳಿವೆ. ಡಪ್ಪು, ತುಂತುಣಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಿದರೆ, ನಾಗೇಶಿ ಮೇಳದ ಗಾಯಕಿ ಹೆಣ್ಣು ಹೆಚ್ಚು ಎಂದು ಸವಾಲಿಗೆ ಸವಾಲು ಹಾಕುತ್ತಾಳೆ. ಸಾವಿರ ಜನರ ಎದುರಿಗೆ ಹೆಣ್ಣು ಮರುಮಾತು ಕೊಡುತ್ತಾಳೆ, ಯಾರೂ ಅವಳನ್ನು ಗಂಡುಬೀರಿ ಎಂದು ಅಟ್ಟುವುದಿಲ್ಲ, ಕಾಸು ಕೊಟ್ಟು ಕೇಳುತ್ತಾರೆ! ಹಾಡಿನಲ್ಲಿ ಒಪ್ಪುವ ಮರುಮಾತನ್ನು ಪಂಚಾಯ್ತಿಯಲ್ಲಿ ಏಕೆ ಒಪ್ಪಬಾರದು?

ಟ್ಯಾಮಿಯ ಬಗ್ಗೆ ಇನ್ನೊಂದು ಸಂಗತಿ. ಲಕ್ಷಗಟ್ಟಲೆ ತಟ್ಟೆ ಮಾರಿದ ಮೇಲೂ ಆಕೆ ಆ ಹಳೆಯ ತಲೆಗೂದಲಿನ ಲೈಸೆನ್ಸನ್ನು ವರ್ಷ ವರ್ಷ ನವೀಕರಿಸುತ್ತಲೇ ಇದ್ದಳು, 1998ರಲ್ಲಿ ಸಾಯುವವರೆಗೂ. ಹಾಡು ಕೈಕೊಟ್ಟರೆ, ಗಂಡ ಕೈಕೊಟ್ಟರೆ, ಕತ್ತರಿ ಬಾಚಣಿಗೆ ಇದೆಯಲ್ಲ ಎಂಬ ಧೈರ್ಯ. ಬೆಳಗಿನ ಜಾವಕ್ಕೇ ಎದ್ದು ಅಂತರಸನಹಳ್ಳಿ ತರಕಾರಿ ಮಾರುಕಟ್ಟೆಗೆ ಬರುವ ನಮ್ಮ ಸಂಘದ ಹೆಣ್ಣುಮಕ್ಕಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಪಾಸ್‌ಬುಕ್ ಮಾತ್ರ ಗಂಡನ ಪೆಟ್ಟಿಗೆಯಲ್ಲಿ ಇರಬಾರದು, ಅಷ್ಟೇ.

ಇನ್ನು ಮುಂದೆ ನಿಮ್ಮ ಊರಲ್ಲಿ ಇಂಥ ಪಂಚಾಯ್ತಿ ಕೂತರೆ ಸಂಘದ ಇಬ್ಬರಾದರೂ ಹೋಗಿ. ಮೊದಲು ಆ ಹುಡುಗಿಯನ್ನು ಬೇರೆ ಕರೆದು, ಗಂಡಿನ ಕಡೆಯವರು ಯಾರೂ ಇಲ್ಲದ ಕಡೆ ಕೂರಿಸಿ ಮಾತಾಡಿಸಿ. ಹೋಗಲು ಇಷ್ಟವಿದೆಯೇ, ಹೊಡೆತ ಎಷ್ಟು ದಿನದಿಂದ, ಒಡವೆ ಎಲ್ಲಿದೆ ಎಂದು ಕೇಳಿ. ಅವಳು ಒಪ್ಪಿದರೆ, ಹೇಳಿದ್ದನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದು, ಓದಿ ಹೇಳಿ, ಸಹಿ ಹಾಕಿಸಿ. ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ 2005ರಲ್ಲಿ ಬಂತು, 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಗಂಡನ ಮನೆಯಲ್ಲಿ ಇರುವ ಹಕ್ಕು, ಹೊಡೆಯದಂತೆ ರಕ್ಷಣಾ ಆದೇಶ, ಜೀವನಾಂಶ ಎಲ್ಲವನ್ನೂ ಅದರಡಿ ಕೇಳಬಹುದು. ಸಹಾಯವಾಣಿ 181. ಅವಳು ಹೋಗುವುದಿಲ್ಲ ಎಂದರೆ, ಅಂದು ರಾತ್ರಿ ಅವಳು ಯಾರ ಮನೆಯಲ್ಲಿ ಮಲಗುತ್ತಾಳೆ ಎಂಬುದನ್ನು ಕಟ್ಟೆಯಿಂದ ಏಳುವ ಮೊದಲೇ ಸಂಘದವರು ತೀರ್ಮಾನ ಮಾಡಿ.