ಕಲಿಸಹೋದವರು ಮೊದಲು ಕಲಿಯಬೇಕು



ಪರನಾಡಿಗೆ ಹೋಗಿ ಪಾಠ ಹೇಳುವುದೆಂದರೆ ವಿದ್ಯೆಯ ಗಂಟನ್ನು ಹೊತ್ತೊಯ್ದು ಹಂಚಿ ಬರುವುದೆಂದು ಅನೇಕರು ಭಾವಿಸುತ್ತಾರೆ. ನಿಮ್ಮಲ್ಲಿಯೂ ಮುಂದೆ ಅಂಥ ಸೇವೆಗೆ ಹೊರಡಬೇಕೆಂಬ ಹಂಬಲವುಳ್ಳವರು ಇರಬಹುದು. ಹಂಬಲವು ಒಳ್ಳೆಯದೇ. ಆದರೆ ಹಾಗೆ ಹೋದವನು ಮೊದಲು ಶಿಷ್ಯನಾಗಬೇಕು, ಆಮೇಲೆ ಗುರುವಾಗಬೇಕು ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಇದಕ್ಕೆ ನಿದರ್ಶನವಾಗಿ ಎರಡು ಹಳೆಯ ಪ್ರಸಂಗಗಳನ್ನೂ ನಮ್ಮದೊಂದು ತಪ್ಪನ್ನೂ ನಿಮ್ಮ ಮುಂದಿಡುತ್ತೇವೆ.

ಅಮೇರಿಕೆಯ ಅಧ್ಯಕ್ಷರಾಗಿದ್ದ ಕೆನಡಿಯವರು 1961ರಲ್ಲಿ ‘ಪೀಸ್ ಕೋರ್’ ಎಂಬ ಸೇವಾದಳವನ್ನು ಸ್ಥಾಪಿಸಿದರು. ಅದನ್ನು ಸೇರಿದವರು ಸುಮಾರು ಎರಡು ವರ್ಷ ಪರದೇಶದಲ್ಲಿದ್ದು, ಅಲ್ಲಿಯ ಜನರ ನಡುವೆ ಅವರಂತೆಯೇ ಬಾಳಿ ದುಡಿಯಬೇಕೆಂಬುದು ಅದರ ಉದ್ದೇಶ. ಅದೇ ವರ್ಷ ಆಗಸ್ಟ್ 30ರಂದು 51 ಮಂದಿ ಸ್ವಯಂಸೇವಕ ಶಿಕ್ಷಕರು ಪಶ್ಚಿಮ ಆಫ್ರಿಕದ ಘಾನಾ ದೇಶದ ಆಕ್ರಾ ನಗರದಲ್ಲಿ ವಿಮಾನದಿಂದಿಳಿದರು. ಇಳಿದೊಡನೆ, ಸ್ವಾಗತಿಸಲು ಬಂದವರೆದುರು ಸಾಲಾಗಿ ನಿಂತು, ಆ ನಾಡಿನ ಟ್ವಿ ಭಾಷೆಯಲ್ಲಿ ಒಂದು ಗೀತೆಯನ್ನು ಹಾಡಿದರು. ಉಚ್ಚಾರದಲ್ಲಿ ಅಲ್ಲಲ್ಲಿ ಎಡವಿದ್ದರೂ ಏನಾಯಿತು? ‘ನಿಮ್ಮಿಂದ ಕಲಿಯಲು ಬಂದಿದ್ದೇವೆ’ ಎಂಬ ಮಾತನ್ನು ಆ ಹಾಡೇ ಹೇಳಿತು.

ಎರಡನೆಯ ಪ್ರಸಂಗವು ನಡೆದುದು ಆರೇಳು ವಾರಗಳ ತರುವಾಯ, ನೈಜೀರಿಯದ ಇಬಾದಾನಿನಲ್ಲಿ. ಶಿಕ್ಷಕಿಯಾಗಲು ಅಲ್ಲಿ ತರಬೇತಿ ಪಡೆಯುತ್ತಿದ್ದ ಅದೇ ದಳದ ತರುಣಿಯೊಬ್ಬಳು ತನ್ನ ಗೆಳೆಯನಿಗೊಂದು ಕಾರ್ಡು ಬರೆದಳು. ಊರಿನ ಕೊಳಕು, ಬೀದಿಯಲ್ಲೇ ನಡೆಯುವ ಬಾಳು ಇವುಗಳನ್ನು ಕಂಡು ತಾನು ದಿಗ್ಭ್ರಮೆಗೊಂಡುದನ್ನು ಅದರಲ್ಲಿ ತಿಳಿಸಿದ್ದಳು. ಕಾರ್ಡು ದಾರಿಯಲ್ಲಿ ಬಿದ್ದುಹೋಯಿತು, ವಿದ್ಯಾರ್ಥಿಗಳ ಕೈಸೇರಿತು, ಅದರ ಪ್ರತಿಗಳು ಕಾಲೇಜಿನಲ್ಲೆಲ್ಲ ಹರಡಿದವು. ಸ್ವಾತಂತ್ರ್ಯ ಪಡೆದು ಆಗತಾನೆ ಒಂದು ವರ್ಷವಾಗಿದ್ದ ನಾಡಿನ ತರುಣರು ಕೆರಳಿದರು. ಆಕೆ ಕ್ಷಮೆ ಬೇಡಿ ತಾಯ್ನಾಡಿಗೆ ಮರಳಬೇಕಾಯಿತು. ಮೊದಲ ದಿಗಿಲು ಕಳೆದ ಮೇಲೆ ಈ ಅನುಭವವು ಸಾರ್ಥಕವೆನಿಸುತ್ತದೆ ಎಂಬ ಮಾತೂ ಆ ಕಾರ್ಡಿನಲ್ಲಿತ್ತು. ಆದರೆ ನೊಂದವರ ಕಣ್ಣಿಗೆ ಆ ಸಾಲು ಹೇಗೆ ಕಂಡೀತು?

ಆಕೆಯನ್ನು ಹಳಿಯುವ ಅಧಿಕಾರವು ನಮಗಿಲ್ಲ. ನಾವು ಪರದೇಶವನ್ನು ಕಂಡವರಲ್ಲ. ಕನ್ನಡದಲ್ಲೇ ಓದಿ, ಶಿಕ್ಷಕರಾಗಿ ಈ ಮುಂಬಯಿಗೆ ಬಂದವರು. ಬಂದ ಹೊಸತರಲ್ಲಿ ಚಾಳಿನ ಮೆಟ್ಟಿಲ ಮೇಲೆ ನಿಂತು, ದೂರವಾಣಿಯಲ್ಲಿ ಊರಿನವರೊಡನೆ, “ಇದೆಂಥ ಊರು! ನೀರಿಗೂ ಸಾಲು, ಶೌಚಕ್ಕೂ ಸಾಲು. ಈ ಹೊಲಸಿನಲ್ಲಿ ಮನುಷ್ಯರು ಹೇಗೆ ಬಾಳುತ್ತಾರೋ!” ಎಂದು ಗಟ್ಟಿಯಾಗಿಯೇ ಹೇಳಿದೆವು. ಇಲ್ಲಿ ನಮ್ಮ ಕನ್ನಡವು ಯಾರಿಗೆ ತಿಳಿದೀತೆಂಬ ಧೈರ್ಯ! ಕೆಳಗಿನ ಮೆಟ್ಟಿಲ ಮೇಲೆ ನಮ್ಮ ತರಗತಿಯ ಹುಡುಗನೊಬ್ಬನು ಕೊಡ ಹಿಡಿದು ನಿಂತಿದ್ದನು. ಅವನ ತಂದೆತಾಯಿಗಳು ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮರುದಿನ ಶಾಲೆ ಬಿಟ್ಟ ಮೇಲೆ ಅವನು ಮೇಜಿನ ಬಳಿ ಬಂದು, “ಸರ್, ನಳ ನಸುಕಿನ್ಯಾಗ ಐದಕ್ಕ ಬರ್ತದ. ನಾನೇ ಬಂದು ಎಬ್ಬಸ್ತೀನಿ. ನೀವು ಊರಿಗಿ ಹೋಗಬ್ಯಾಡ್ರಿ” ಎಂದನು. ನಾವು ತಲೆ ತಗ್ಗಿಸಿದೆವು. ನಾವು ಸಾಲನ್ನು ಮಾತ್ರ ಕಂಡಿದ್ದೆವು. ಸಾಲಿನಲ್ಲಿ ನಿಂತವರನ್ನು ಕಂಡಿರಲಿಲ್ಲ.

ಹಾಗಾದರೆ ಕಷ್ಟವನ್ನು ಕಷ್ಟವೆಂದು ಹೇಳಲೇಬಾರದೆ ಎಂದು ನೀವು ಕೇಳಬಹುದು. ಹೇಳಬೇಕು. ನೀರು ಸಾಲದೆಂಬುದು ನಿಜ. ಅದನ್ನು ಮುಚ್ಚಿಡುವುದು ಸೇವೆಯಲ್ಲ. ಆದರೆ ‘ಇಲ್ಲಿ ನೀರಿಲ್ಲ’ ಎಂಬ ಮಾತು ಬೇರೆ, ‘ಇಲ್ಲಿಯ ಜನರೇ ಹೀಗೆ’ ಎಂಬ ಮಾತು ಬೇರೆ. ಮೊದಲನೆಯದನ್ನು ನೆರೆಯವನು ಆಡುತ್ತಾನೆ. ಎರಡನೆಯದನ್ನು ಪರಕೀಯನು ಆಡುತ್ತಾನೆ. ನಾಲ್ಕು ದಿನ ಅದೇ ಸಾಲಿನಲ್ಲಿ ಕೊಡ ಹಿಡಿದು ನಿಂತವನಿಗೆ ಎರಡನೆಯ ಮಾತು ಬಾಯಿಗೆ ಬಾರದು. ಆ ಹುಡುಗನು ನಸುಕಿನಲ್ಲಿ ಬಾಗಿಲು ತಟ್ಟಿ ನಮಗೆ ಕಲಿಸಿದ ಪಾಠವಿದು. ನಳದ ಬಳಿಯೇ ಅಕ್ಕಪಕ್ಕದ ತಾಯಂದಿರಿಂದ ನಾವು ಮರಾಠಿಯ ಮೊದಲ ಮಾತುಗಳನ್ನೂ ಕಲಿತೆವು.

ನಿಮ್ಮಲ್ಲಿ ಹಲವರ ಮನೆಯಲ್ಲಿ ತುಳುವೋ ಕನ್ನಡವೋ, ಬೀದಿಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ. ಹೊಸ ನಾಡಿಗೆ ಹೊಂದಿಕೊಳ್ಳುವ ವಿದ್ಯೆಯನ್ನು ನೀವು ಎಳವೆಯಲ್ಲೇ ಕಲಿತಿದ್ದೀರಿ; ಅದನ್ನು ಕೀಳೆಂದು ಎಣಿಸಬೇಡಿರಿ. ನಾಳೆ ನೀವು ಎಲ್ಲಿಗಾದರೂ ಕಲಿಸಹೋದರೆ, ಪುಸ್ತಕ ತೆರೆಯುವ ಮೊದಲು ಅಲ್ಲಿಯ ಮಕ್ಕಳ ಮನೆಮಾತಿನಲ್ಲಿ ಅವರನ್ನು ಕುಶಲ ಕೇಳುವಷ್ಟಾದರೂ ಕಲಿಯಿರಿ. ನಿಮ್ಮ ತರಗತಿಗೇ ಹೊಸಬರು ಬಂದರೆ, ಅವರು ಮೊದಲ ದಿನ ಆಡಿದ ಮಾತನ್ನು ಮನಸ್ಸಿನಲ್ಲಿಡದೆ, ನಳ ಬರುವ ಹೊತ್ತನ್ನು ತಿಳಿಸಿರಿ.